ಸಹಾಯ ಬೇಕು: ರಾತ್ರಿ ಮೊಬೈಲ್ ಹಿಡಿದರೆ ಆರ್ಡರ್ ಗ್ಯಾರಂಟಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಮಗಳು ಮಲಗಿದ ಮೇಲೆ ಸುಮ್ನೆ ಮೊಬೈಲ್ ಹಿಡಿಯುತ್ತೇನೆ. ಅರ್ಧ ಗಂಟೆಯಲ್ಲಿ ಏನೋ ಒಂದು ಆರ್ಡರ್ ಆಗಿರುತ್ತದೆ. ಮೊನ್ನೆ ಅಟ್ಟ ಗುಡಿಸುವಾಗ ಬಿಚ್ಚದೇ ಇಟ್ಟ ಡಬ್ಬಗಳು ಏಳು ಸಿಕ್ಕವು. ಒಂದರಲ್ಲಿ ಚಪಾತಿ ಒತ್ತುವ ಮಷಿನ್. ನಮ್ಮ ಮನೆಯಲ್ಲಿ ದಿನಾ ಜೋಳದ ರೊಟ್ಟಿ! ಅತ್ತೆ ಬೈಯಲಿಲ್ಲ, ನಕ್ಕರು. ಅದೇ ಜಾಸ್ತಿ ಚುಚ್ಚಿತು.

ಕಾರ್ಡ್ ನಂಬರ್ ತೆಗೆದಿದ್ದೇನೆ, ನೋಟಿಫಿಕೇಶನ್ ಬಂದ್. ಬೇಕೆನಿಸಿದ್ದನ್ನು ಕ್ಯಾಲೆಂಡರ್ ಹಿಂದೆ ಬರೆದು ಒಂದು ವಾರ ಕಾಯುತ್ತೇನೆ. ಮುಕ್ಕಾಲು ಪಾಲು ಮರೆತೇ ಹೋಗುತ್ತವೆ. ಆದರೆ ಕ್ಯಾಶ್ ಆನ್ ಡೆಲಿವರಿ ಅಂತ ಒಂದಿದೆಯಲ್ಲ, ಅಲ್ಲಿ ಸೋಲುತ್ತೇನೆ.

ಕಳೆದ ತಿಂಗಳು ಹಾಗೆ ಉಳಿದ ದುಡ್ಡಲ್ಲಿ ಸಂತೇಬೆನ್ನೂರು ಪುಷ್ಕರಣಿಗೆ ಹೋಗಿದ್ದೆವು. ನೀರಿನ ನಡುವೆ ಮಂಟಪ, ಸುತ್ತ ಕಲ್ಲಿನ ಮೆಟ್ಟಿಲು. ನೋಡಿ ಬಂದು ಹೊರಗೆ ಮರದ ನೆರಳಲ್ಲಿ ನರ್ಗಿಸ್ ಮಂಡಕ್ಕಿ ತಿಂದೆವು. ಖರ್ಚು ಬಸ್ ಚಾರ್ಜು ಮಾತ್ರ. ಮಗಳಿಗೆ ಇವತ್ತಿಗೂ ಅದೇ ಮಾತು. ಹೋದ ವರ್ಷ ಕೊಡಿಸಿದ ಗೊಂಬೆ ಎಲ್ಲಿದೆಯೋ ಅವಳಿಗೇ ಗೊತ್ತಿಲ್ಲ.

ಹರಿಹರೇಶ್ವರ ಗುಡಿ, ಚಂದ್ರವಳ್ಳಿ ಆಗಿವೆ. ಮುಂದಿನ ಭಾನುವಾರ ಸೂಳೆಕೆರೆಗೆ ಹೋಗೋಣ ಅಂತಿದ್ದೇವೆ. ಅತ್ತೆಗೆ ಮಂಡಿ ನೋವು, ಹಾಗಾಗಿ ದುರ್ಗದ ಕೋಟೆ ಹತ್ತಿಸುವುದು ಕಷ್ಟ. ಬಸ್ಸಲ್ಲೇ ಹೋಗಿ ಸಂಜೆಯೊಳಗೆ ಬರುವಂಥ ಬೇರೆ ಜಾಗ ಇದ್ದರೆ ಹೇಳಿ. ರಾತ್ರಿ ಹೊತ್ತು ಕೈಗೆ ಕೆಲಸ ಕೊಡುವಂಥದ್ದು ಏನು ಕಲಿಯಬಹುದು? ಕಸೂತಿ ಯೋಚಿಸಿದೆ, ಆಮೇಲೆ ಅದರ ದಾರಕ್ಕೂ ಆರ್ಡರ್ ಹಾಕುತ್ತೇನೇನೋ ಅಂತ ಭಯ.

ಹಾಂ, ಚಪಾತಿ ಮಷಿನ್ ಯಾರಿಗಾದರೂ ಬೇಕಾ? ಡಬ್ಬ ಬಿಚ್ಚಿಲ್ಲ, ಸುಮ್ನೆ ಕೊಡುತ್ತೇನೆ.