ಮೈ ತುಂಬಿದ ಮರಿಯೇ ಮೊದಲು ಸಾಯೋದ್ಯಾಕೆ? ಕುರಿಗಳ ಕರುಳುಬೇನೆ

ಪ್ರಶ್ನೆ: ಡಾಕ್ಟ್ರೇ, ಮೆಕ್ಕೆಜೋಳ ಮುರಿದ ಹೊಲಕ್ಕೆ ಮಂದೆ ಬಿಟ್ಟು ಎರಡು ದಿನ. ಬೆಳಿಗ್ಗೆ ಎರಡು ಮರಿ ಸತ್ತಿದ್ವು, ಎರಡೂ ಚೆನ್ನಾಗಿ ಮೈ ತುಂಬಿದವು. ಕುತ್ತಿಗೆ ಹಿಂದಕ್ಕೆ ಸೆಟೆದಿತ್ತು, ಕಾಲು ಬಡಿದು ನೆಲ ಕೆದರಿತ್ತು. ಹಾವು ಮುಟ್ಟಿದ್ದಾ?

ಉತ್ತರ (ಪಶುವೈದ್ಯ): ಹಾವಿಗಿಂತ ಕರುಳುಬೇನೆಯ ಗುಮಾನಿಯೇ ಹೆಚ್ಚು. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ 'ಡಿ' ಅನ್ನೋ ರೋಗಾಣು ಗಟ್ಟಿಮುಟ್ಟಾದ ಕುರಿಯ ಕರುಳಲ್ಲೂ ಸ್ವಲ್ಪ ಇರುತ್ತೆ. ಉದುರಿದ ಕಾಳನ್ನು ಒಮ್ಮೆಲೇ ಮುಕ್ಕಿದರೆ ಅರಗದ ಪಿಷ್ಟ ಸಣ್ಣಕರುಳಿಗೆ ಇಳಿಯುತ್ತೆ, ರೋಗಾಣು ಅದರಲ್ಲೇ ಹುಲುಸಾಗಿ ಎಪ್ಸಿಲಾನ್ ವಿಷ ಬಿಡುತ್ತೆ. ಬಿಟ್ಟಾಗ ಅದಕ್ಕೆ ಜೋರಿಲ್ಲ. ಕುರಿಯದೇ ಜೀರ್ಣರಸ ಟ್ರಿಪ್ಸಿನ್ ಅದರ ತುಣುಕೊಂದನ್ನು ಕತ್ತರಿಸಿದ ಮೇಲೆ ಅದು ಕೊಲ್ಲುವ ವಿಷ. ರಕ್ತಕ್ಕೆ ಸೇರಿ ಮಿದುಳಿನ ಸಣ್ಣ ರಕ್ತನಾಳಗಳು ಸೋರುವಂತೆ ಮಾಡುತ್ತೆ, ಸೆಟೆಯೋದು ಅದಕ್ಕೇ. ಜಾಸ್ತಿ ಮೇಯುವ ಮರಿಗೇ ಜಾಸ್ತಿ ಕಾಳು!

ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಮಾತ್ರ ಹೆಣ ಕೊಯ್ಯಲೇಬೇಡಿ. ಅದು ನೆರಡಿ, ಅಂದರೆ ಆಂಥ್ರಾಕ್ಸ್ ಇರಬಹುದು. ಇಲ್ಲದಿದ್ದರೆ ಸತ್ತ ಕೆಲವೇ ಗಂಟೆಯೊಳಗೆ ಆಸ್ಪತ್ರೆಗೆ ತನ್ನಿ. ಮೂತ್ರಪಿಂಡ ಮೆತ್ತಗಾಗೋದು ಈ ಬೇನೆಯ ಒಂದು ಗುರುತು, ಆದರೆ ತಡವಾದರೆ ಯಾವ ಹೆಣದ ಮೂತ್ರಪಿಂಡವೂ ಕೊಳೆತು ಮೆತ್ತಗಾಗುತ್ತೆ, ಅದನ್ನು ನೋಡಿ ರೋಗ ಹೇಳೋಕಾಗಲ್ಲ.

ಪ್ರಶ್ನೆ: ಇವತ್ತೇ ಲಸಿಕೆ ಹಾಕಿದ್ರೆ ನಿಲ್ಲುತ್ತಾ?

ಉತ್ತರ: ಮೊದಲ ಸಲ ಹಾಕುವ ಮರಿಗೆ ತಕ್ಷಣ ರಕ್ಷಣೆ ಬರಲ್ಲ. ಮೊದಲು ಮಂದೆಯನ್ನು ಆ ಹೊಲದಿಂದ ಎಬ್ಬಿಸಿ, ಒಣಮೇವು ಹಾಕಿ. ಆಮೇಲೆ ಲಸಿಕೆ, 15 ದಿನ ಬಿಟ್ಟು ಬೂಸ್ಟರ್. ಮುಂದೆ ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ. ಡೋಸ್ ಸೀಸೆ ಮೇಲೆ ಬರೆದಷ್ಟೇ, ಚರ್ಮದಡಿಗೆ. ಮತ್ತೆ ಕೂಳೆ ಹೊಲಕ್ಕೆ ಬಿಡುವಾಗ ಒಣಮೇವು ತಿನ್ನಿಸಿ ಅರ್ಧ ಗಂಟೆಯಿಂದ ಶುರು ಮಾಡಿ, ಎರಡು ವಾರದಲ್ಲಿ ಹೆಚ್ಚಿಸಿ.

ಪ್ರಶ್ನೆ (ಇನ್ನೊಬ್ಬರು): ಲಸಿಕೆ ಹಾಕಿಸಿದ್ರೂ ನಮ್ಮವು ಸತ್ವಲ್ಲ ಸರ್?

ಉತ್ತರ: ಬೂಸ್ಟರ್ ಹಾಕಿಸಿದ್ರಾ? ಸಾಮಾನ್ಯವಾಗಿ ತಪ್ಪೋದು ಅಲ್ಲೇ. ಇನ್ನೊಂದು, ಸೀಸೆಯನ್ನು ಫ್ರೀಜರ್‌ನಲ್ಲಿ ಇಡೋದು. ಹೆಪ್ಪುಗಟ್ಟಿ ಕರಗಿದ ಲಸಿಕೆ ಕೆಟ್ಟಂತೆ, ಎಸೀರಿ. 2ರಿಂದ 8 ಡಿಗ್ರಿಯಲ್ಲಿಡಿ, ಹಾಕುವ ಮುಂಚೆ ಅಲುಗಾಡಿಸಿ. ಗಬ್ಬದ ಕುರಿಗೆ ಈಯುವ ತಿಂಗಳ ಮುಂಚೆ ಹಾಕಿಸಿದರೆ ಗಿಣ್ಣುಹಾಲಿನಲ್ಲೇ ಮರಿಗೂ ರಕ್ಷಣೆ ಸಿಗುತ್ತೆ.

ಪ್ರಶ್ನೆ: ಸತ್ತ ಮರಿ ಬಾಡು ಚೆನ್ನಾಗಿ ಬೇಯಿಸಿ ತಿಂದ್ರೆ?

ಉತ್ತರ: ಬೇಡ. ಸತ್ತಿದ್ದು ಕರುಳುಬೇನೆಯಿಂದಲೋ ನೆರಡಿಯಿಂದಲೋ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ, ಆಳವಾಗಿ ಹೂಳಿ. ಅಂದಹಾಗೆ, ಇದೇ ಜಾತಿಯ ಬೇರೊಂದು ಬಗೆ ಒಳ್ಳೇ ಮಾಂಸದಿಂದಲೂ ಜನರನ್ನು ಕಾಡುತ್ತೆ. ಜಾತ್ರೆ ಹಂಡೆಯ ಸಾರು ರಾತ್ರಿಯಿಡೀ ಬೆಚ್ಚಗೆ ಕೂತರೆ, ಕುದಿದರೂ ಸಾಯದ ಬೀಜಾಣು ಮೊಳೆಯುತ್ತೆ. ಉಂಡ 8ರಿಂದ 16 ಗಂಟೆಗೆ ಹೊಟ್ಟೆನುಲಿ, ಭೇದಿ. ಉಳಿದ ಸಾರನ್ನು ಅಗಲದ ಪಾತ್ರೆಗಳಿಗೆ ತೆಳ್ಳಗೆ ಸುರಿದು ಬೇಗ ಆರಿಸಿ, ಫ್ರಿಜ್‌ನಲ್ಲಿಡಿ. ಉಣ್ಣುವಾಗ ಮತ್ತೆ ತಳ ಕದಡಿ ಕುದಿಸಿ.