12.2 ಎಂದರೆ ಆ ಎರಡನೆಯ ಔಟ್ ಯಾರದು?

ಕೆಂಪು ಪೆನ್ಸಿಲ್, ಬಸವನಗುಡಿ:
ಇಪ್ಪತ್ತೆರಡು ವರ್ಷ ಬೆಂಗಳೂರಿನ ಲೀಗ್ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರ್ ಬರೆದವನು ನಾನು. ಮೇಡನ್ ಓವರಿನ ಆರು ಚುಕ್ಕಿಗಳನ್ನು ಸೇರಿಸಿ ‘ಎಂ’ ಎಳೆಯುವುದು, ಅದರಲ್ಲಿ ವಿಕೆಟ್ ಬಿದ್ದಿದ್ದರೆ ‘ಡಬ್ಲ್ಯೂ’ ಮಾಡುವುದು ನನ್ನ ಕೈಗೆ ನಿದ್ದೆಯಲ್ಲೂ ಬರುತ್ತದೆ. ಲೆಕ್ಕ ತಾಳೆಯಾಗದಿದ್ದರೆ ಮಾತ್ರ ಊಟ ಸೇರುವುದಿಲ್ಲ.

ಅಮೆರಿಕದಲ್ಲಿರುವ ಮಗಳು ಕಳಿಸಿದ ಹಳೆಯ ಬೇಸ್‌ಬಾಲ್ ಸ್ಕೋರ್‌ಕಾರ್ಡ್ ಒಂದು ಮೂರು ದಿನದಿಂದ ಕಾಡುತ್ತಿದೆ. 1959ರ ಮೇ 26, ಮಿಲ್ವಾಕಿ ಕೌಂಟಿ ಸ್ಟೇಡಿಯಂ. ಪಿಟ್ಸ್‌ಬರ್ಗ್ ಪೈರೇಟ್ಸ್: 0 ರನ್, 12 ಹಿಟ್ (ಚೆಂಡು ಹೊಡೆದು ಬೇಸ್ ಎಂಬ ನಿಲ್ದಾಣ ತಲುಪಿದ್ದು), 1 ಫೀಲ್ಡಿಂಗ್ ತಪ್ಪು. ಮಿಲ್ವಾಕಿ ಬ್ರೇವ್ಸ್: 1 ರನ್, 1 ಹಿಟ್, ತಪ್ಪು ಸೊನ್ನೆ. ಒಂದೇ ಹಿಟ್‌ಗೆ ಗೆದ್ದರಲ್ಲ ಎಂಬ ಆಶ್ಚರ್ಯ ಒತ್ತಟ್ಟಿಗಿರಲಿ. ನನ್ನ ತಕರಾರು ಪೈರೇಟ್ಸ್ ತಂಡದ ಎಡಗೈ ಪಿಚರ್ (ಚೆಂಡೆಸೆಯುವವ) ಹಾರ್ವಿ ಹ್ಯಾಡಿಕ್ಸ್ ಹೆಸರಿನ ಮುಂದಿರುವ 12.2 ಬಗ್ಗೆ. ಹನ್ನೆರಡು ಇನಿಂಗ್ಸ್ (ಒಂದಕ್ಕೆ ಮೂರು ಔಟ್), ಮೇಲೆ ಎರಡು ಔಟ್. ನಮ್ಮ ಓವರಿನ ಚುಕ್ಕಿಯಂತೆಯೇ. ಆದರೆ 13ನೇ ಇನಿಂಗ್ಸಿನಲ್ಲಿ ಎಡಿ ಮ್ಯಾಥ್ಯೂಸ್ ಬಂಟ್ (ಚೆಂಡನ್ನು ಮೆಲ್ಲಗೆ ತಟ್ಟುವುದು) ಮಾಡಿ ಔಟಾದದ್ದು ಬಿಟ್ಟರೆ ಇನ್ನೊಂದು ಸಿಗುತ್ತಿಲ್ಲ. ಎಲ್ಲಿ ಹೋಯಿತು?

ಜಯನಗರದ ಜಾಗರಣೆ:
ರಾಯರೇ, ಆ ಔಟ್ ಪಂದ್ಯ ಗೆಲ್ಲಿಸಿದವನದೇ!

ಹ್ಯಾಡಿಕ್ಸ್ ಸಾಲಾಗಿ 36 ಜನರನ್ನು ಔಟ್ ಮಾಡಿದ್ದ, ಅದೂ ನೆಗಡಿ ಜ್ವರ ಇಟ್ಟುಕೊಂಡು. 13ರಲ್ಲಿ ಮೂರನೇ ಬೇಸಿನ ಡಾನ್ ಹೋಕ್ ಕೆಟ್ಟದಾಗಿ ಎಸೆದದ್ದರಿಂದ ಫೆಲಿಕ್ಸ್ ಮ್ಯಾಂಟಿಯಾ ಬದುಕಿಕೊಂಡ. ಮ್ಯಾಥ್ಯೂಸ್ ಬಂಟ್ ಅವನನ್ನು ಎರಡನೇ ಬೇಸಿಗೆ ದಾಟಿಸಿತು. ಹ್ಯಾಂಕ್ ಆರನ್‌ಗೆ ಬೇಕೆಂದೇ ನಡಿಗೆ, ಅಂದರೆ ಹೊಡೆಯದೆಯೇ ಮೊದಲ ಬೇಸ್, ಕೊಟ್ಟರು. ಆಮೇಲೆ ಜೋ ಆಡ್‌ಕಾಕ್ ಚೆಂಡನ್ನು ಬೇಲಿಯಾಚೆ ಹೊಡೆದ. ಮೂರು ರನ್ ಆಗಬೇಕಿತ್ತು. ಚೆಂಡು ಆಚೆ ಹೋದದ್ದು ಆರನ್‌ಗೆ ತಿಳಿಯಲಿಲ್ಲ. ಮ್ಯಾಂಟಿಯಾ ಓಡಿ ಬಂದ, ಪಂದ್ಯ ಮುಗಿಯಿತು ಎಂದುಕೊಂಡು ಆರನ್ ಎರಡನೇ ಬೇಸ್ ಮುಟ್ಟಿ ಅಡ್ಡದಾರಿ ಹಿಡಿದ. ಹಿಂದಿನಿಂದ ಬಂದ ಆಡ್‌ಕಾಕ್ ಅವನನ್ನು ದಾಟಿಬಿಟ್ಟ. ಮುಂದಿನವನನ್ನು ದಾಟಿದರೆ ಔಟ್. ಮರುದಿನ ಲೀಗ್ ಅಧ್ಯಕ್ಷ ವಾರೆನ್ ಗೈಲ್ಸ್ ಅದನ್ನು ಹೋಮ್ ರನ್ ಬದಲು ಡಬಲ್ (ಎರಡು ಬೇಸಿನ ಹಿಟ್) ಎಂದು ತೀರ್ಮಾನಿಸಿ 1-0 ಎಂದರು. 2010ರಲ್ಲಿ ದಂಬುಲ್ಲಾದಲ್ಲಿ ಸೆಹ್ವಾಗ್ ಸಿಕ್ಸರ್ ಹೊಡೆದೂ ನೋ-ಬಾಲ್‌ನಿಂದಾಗಿ 99ಕ್ಕೇ ನಿಂತದ್ದು ನೆನಪಿದೆಯೇ? ಅದೇ ಜಾತಿ.

ಹಿಟ್ಟಿಗೆ ಲೆಕ್ಕ:
ಪೈರೇಟ್ಸ್ ಲೆಕ್ಕವನ್ನು ಒತ್ತಟ್ಟಿಗಿಡಬೇಡಿ, ರುಚಿಯೆಲ್ಲ ಅಲ್ಲೇ ಇದೆ. 12 ಹಿಟ್ಟೂ ಸಿಂಗಲ್‌ಗಳೇ. ಬ್ರೇವ್ಸ್ ಪಿಚರ್ ಲ್ಯೂ ಬರ್ಡೆಟ್ 13 ಇನಿಂಗ್ಸಿನಲ್ಲಿ ಒಂದೇ ಒಂದು ನಡಿಗೆಯನ್ನೂ ಕೊಡಲಿಲ್ಲ. ಬೇಸ್ ತಲುಪಿದ ಹನ್ನೆರಡು ಮಂದಿಯಲ್ಲಿ ಮೂವರು ಡಬಲ್ ಪ್ಲೇಗೆ (ಒಂದೇ ಚೆಂಡಿಗೆ ಇಬ್ಬರು ಔಟ್) ಬಲಿ, ರೋಮನ್ ಮೆಹಿಯಾಸ್ ಮೂರನೇ ಬೇಸಿಗೆ ಆಸೆಪಟ್ಟು ಔಟ್, ಉಳಿದ ಎಂಟು ಜನ ಬೇಸ್ ಮೇಲೇ ನಿಂತರು. ಕೂಡಿ ನೋಡಿ.

ಗಾಂಧಿ ಬಜಾರ್ ಬೈಟು:
ಸೋತವನ ಅಂಕಿ ಚೆನ್ನಾಗಿರುವುದಕ್ಕೆ ಅಷ್ಟು ದೂರ ಹೋಗಬೇಕೇ? 1987ರ ಮಾರ್ಚ್, ನಮ್ಮ ಚಿನ್ನಸ್ವಾಮಿ. ಮಣಿಂದರ್ 27ಕ್ಕೆ 7, ಪಾಕಿಸ್ತಾನ 116ಕ್ಕೆ ಆಲೌಟ್. ಕೊನೆಗೆ ಗಾವಸ್ಕರ್ 96 ಹೊಡೆದರೂ 16 ರನ್ನಿಂದ ಸೋತೆವು. ಮನೆಗೆ ಹೋಗುವ ಬಸ್ಸಿನಲ್ಲಿ ಒಬ್ಬರೂ ಉಸಿರೆತ್ತಿರಲಿಲ್ಲ. ಹ್ಯಾಡಿಕ್ಸ್‌ಗೆ ಇನ್ನೊಂದು ಪೆಟ್ಟೂ ಇದೆ: ಪಂದ್ಯ ಮುಗಿಯುವವರೆಗೂ ಹಿಟ್ ಕೊಡದಿದ್ದರೆ ಮಾತ್ರ ಎಂದು 1991ರಲ್ಲಿ ನಿಯಮ ಬಿಗಿ ಮಾಡಿ, ಹಿಟ್ಟಿಲ್ಲದ ಪಂದ್ಯಗಳ ಪಟ್ಟಿಯಿಂದ ಅವನ ಹೆಸರನ್ನು ತೆಗೆದುಹಾಕಿದರು.

ಕೆಂಪು ಪೆನ್ಸಿಲ್, ಬಸವನಗುಡಿ:
ತಾಳೆಯಾಯಿತು! 8, 3, 1, ಒಟ್ಟು 12. ಪಟ್ಟಿಯಿಂದ ತೆಗೆದದ್ದು ಮಾತ್ರ ಅನ್ಯಾಯ. ಹಾಕಿದ ಓವರನ್ನು ಯಾರಾದರೂ ಅಳಿಸುತ್ತಾರೆಯೇ? ಈಗಷ್ಟೇ ನನ್ನ ಹಳೆಯ ಪುಸ್ತಕದ ಖಾಲಿ ಪುಟದಲ್ಲಿ ಹ್ಯಾಡಿಕ್ಸ್ ಹೆಸರು ಬರೆದು ಹನ್ನೆರಡು ಚೌಕಗಳಲ್ಲಿ ಹನ್ನೆರಡು ‘ಡಬ್ಲ್ಯೂ’ ಎಳೆದೆ. ಹದಿಮೂರನೆಯದರಲ್ಲಿ ಆಡ್‌ಕಾಕ್‌ನ ಡಬಲ್ಲನ್ನೂ ಔಟನ್ನೂ ಒಂದೇ ಚೌಕಕ್ಕೆ ತುರುಕಲು ಹೋಗಿ ಪೆನ್ಸಿಲ್ ಮೊನೆ ಮುರಿಯಿತು.