ಹೊರಗಿನ ಹಾರ್ಡ್‌ಡಿಸ್ಕ್ ಚುಚ್ಚಿದರೆ ಪಟ್ಟಿ ಮಾಡುವ ಟೂಲ್ ಬಂದ್ ಆಗುತ್ತದೆ, ಯಾಕೆ?

ಪ್ರಶ್ನೆ (ಹೈಸ್ಕೂಲ್ ಅಕ್ಕೋರು, ಅಂಕೋಲಾ ಕಡೆ):
ನಮಸ್ಕಾರ ಸರ್. ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬ್ ನನ್ನ ತಲೆಗೇ ಬಂದಿದೆ. ಡೆಡ್ ಸ್ಟಾಕ್ ರಿಜಿಸ್ಟರ್‌ಗೆ (ಶಾಲೆಯ ಸಾಮಾನುಗಳ ದಾಖಲೆ ಪುಸ್ತಕ) 11 ಕಂಪ್ಯೂಟರ್‌ಗಳ ಪ್ರೊಸೆಸರ್, ರ‍್ಯಾಮ್, ಹಾರ್ಡ್‌ಡಿಸ್ಕ್ ಸೀರಿಯಲ್ ನಂಬರ್ ಎಲ್ಲ ಬರೆಯಬೇಕು. ಹಾರ್ಡ್‌ವೇರ್ ಪಟ್ಟಿ ಮಾಡುವ ಒಂದು ಉಚಿತ ಟೂಲನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಒಂದೊಂದರಲ್ಲೂ ಓಡಿಸುತ್ತಿದ್ದೇನೆ. ಒಂಬತ್ತರಲ್ಲಿ ಸರಿಯಾಗಿ ಬಂತು. ಹೊರಗಿನ ಹಾರ್ಡ್‌ಡಿಸ್ಕ್ ಚುಚ್ಚಿರುವ ಎರಡರಲ್ಲಿ ಮಾತ್ರ 'ಸ್ಟೋರೇಜ್' ಅಂತ ತೋರಿಸುವ ಹೊತ್ತಿಗೆ ಟಕ್ ಅಂತ ಮುಚ್ಚಿಹೋಗುತ್ತದೆ. ವಿಂಡೋಸ್ 10. ಇಲ್ಲಿಯ ಒಬ್ಬ ಅಂಗಡಿಯವರು ಡಿಸ್ಕ್ ಫಾರ್ಮ್ಯಾಟ್ ಮಾಡಿ ಅಂದರು. ಗ್ಯಾದರಿಂಗ್ (ಶಾಲಾ ವಾರ್ಷಿಕೋತ್ಸವ) ಫೋಟೋ ಎಲ್ಲ ಅದರಲ್ಲೇ ಇವೆ. ಮಾಡಬಹುದಾ?

ಉತ್ತರ (ಕಂಪ್ಯೂಟರ್ ರಿಪೇರಿ, ಕಾರವಾರ):
ಅಕ್ಕೋರೇ, ಫಾರ್ಮ್ಯಾಟ್ ಮಾತ್ರ ಮಾಡಬೇಡಿ. ಬಿದ್ದದ್ದು ಟೂಲ್. ಡಿಸ್ಕ್ ಕೆಟ್ಟಿದೆ ಅಂತ ಇನ್ನೂ ಯಾರೂ ನೋಡಿಲ್ಲ.

ನಿಮ್ಮ ಮಾತಿನಲ್ಲೇ ಒಂದು ಸುಳಿವು ಇದೆ. ಪೆನ್‌ಡ್ರೈವೂ ಯುಎಸ್‌ಬಿಯದ್ದೇ, ಅಲ್ವಾ? ಅದು ಚುಚ್ಚಿದ್ದರೂ ಒಂಬತ್ತು ಕಡೆ ಏನೂ ಆಗಲಿಲ್ಲ. ಹಾಗಾದರೆ ತೊಂದರೆ ಯುಎಸ್‌ಬಿಯದ್ದಲ್ಲ. ಹೊರಗಿನ ಹಾರ್ಡ್‌ಡಿಸ್ಕ್‌ನ ಡಬ್ಬಿಯೊಳಗೆ ಒಂದು ಸಣ್ಣ ಚಿಪ್ ಇರುತ್ತದೆ, ಬ್ರಿಜ್ ಅಂತ. ಕಂಪ್ಯೂಟರ್ ಯುಎಸ್‌ಬಿ ಭಾಷೆಯಲ್ಲಿ ಕೇಳುತ್ತದೆ, ಡಿಸ್ಕ್‌ಗೆ ಗೊತ್ತಿರುವುದು ಸಾಟಾ ಭಾಷೆ. ನಡುವೆ ನಿಂತು ದುಭಾಷಿ ಕೆಲಸ ಮಾಡುವುದು ಈ ಚಿಪ್. ಫೈಲ್ ಓದು, ಫೈಲ್ ಬರೆ ಅನ್ನುವುದನ್ನು ಚೆನ್ನಾಗಿಯೇ ದಾಟಿಸುತ್ತದೆ. ಆದರೆ ನಿಮ್ಮ ಟೂಲ್ ಅಷ್ಟಕ್ಕೇ ನಿಲ್ಲುವುದಿಲ್ಲ. ಸೀರಿಯಲ್ ನಂಬರ್ ಕೇಳುತ್ತದೆ, ಮೇಲಿಂದ ಬಿಸಿ ಎಷ್ಟು, ಎಷ್ಟು ಗಂಟೆ ಓಡಿದೆ ಅಂತ ಡಿಸ್ಕ್‌ನ ಆರೋಗ್ಯವನ್ನೆಲ್ಲ ಕೆದಕುತ್ತದೆ. ಈ ಆರೋಗ್ಯದ ಲೆಕ್ಕಕ್ಕೆ ಸ್ಮಾರ್ಟ್ ಅಂತಾರೆ. ಕೆಲವು ಬ್ರಿಜ್‌ಗಳಿಗೆ ಈ ಪ್ರಶ್ನೆ ತಲೆಗೇ ಹೋಗುವುದಿಲ್ಲ. ಉತ್ತರವನ್ನೇ ಕೊಡುವುದಿಲ್ಲ, ಇಲ್ಲಾ ಅರ್ಧಂಬರ್ಧ ಏನೋ ಕಳಿಸುತ್ತವೆ. ಬಂದದ್ದನ್ನು ಪರೀಕ್ಷಿಸದೆ ನುಂಗುವ ಟೂಲ್ ಅಲ್ಲೇ ಸಾಯುತ್ತದೆ.

ಊಹೆ ಬೇಡ, ನೋಡಿಯೇ ಬಿಡೋಣ. ಸ್ಟಾರ್ಟ್‌ನಲ್ಲಿ 'ರಿಲಯಬಿಲಿಟಿ' ಅಂತ ಟೈಪ್ ಮಾಡಿ. ದಿನದ ಲೆಕ್ಕದಲ್ಲಿ ಕೆಂಪು ಗುಣಿಸು ಗುರುತುಗಳು ಕಾಣುತ್ತವೆ. ಟೂಲ್ ಬಿದ್ದ ದಿನದ್ದನ್ನು ತೆರೆದು 'ಫಾಲ್ಟ್ ಮಾಡ್ಯೂಲ್ ನೇಮ್' (ಯಾವ ಭಾಗದಲ್ಲಿ ಬಿತ್ತು) ಮತ್ತು 'ಎಕ್ಸೆಪ್ಶನ್ ಕೋಡ್' (ಯಾವ ಬಗೆಯ ತಪ್ಪು) ಎರಡನ್ನೂ ಬರೆದು ಹಾಕಿ. ಡಿಸ್ಕ್‌ಗಳಿಂದ ಏನಾದರೂ ಶಬ್ದ ಬರುತ್ತದಾ ಅಂತ ಕಿವಿಗೊಟ್ಟು ಕೇಳಿ.

ಅಕ್ಕೋರು:
ಎರಡು ಕಡೆಯೂ ಮಾಡ್ಯೂಲ್ ಹೆಸರು ಆ ಟೂಲಿನದ್ದೇ. ಕೋಡ್ ಸಿ0000005. ಕಪ್ಪು ಬಣ್ಣದ ಡಿಸ್ಕ್ ಸುಮ್ಮನಿದೆ. ಬೂದು ಬಣ್ಣದ್ದು ಆಗಾಗ ಟಿಕ್ ಟಿಕ್ ಅನ್ನುತ್ತದೆ, ಫೋಲ್ಡರ್ ತೆರೆಯಲೂ ಸತಾಯಿಸುತ್ತದೆ.

ಉತ್ತರ:
ಸಿ0000005 ಅಂದರೆ ಪ್ರೋಗ್ರಾಂ ತನ್ನದಲ್ಲದ ಮೆಮೊರಿಗೆ ಕೈ ಹಾಕಿದೆ, ವಿಂಡೋಸ್ ಹಿಡಿದು ಹೊರಗೆ ಹಾಕಿದೆ. ಟೂಲಿನದ್ದೇ ತಪ್ಪು. ಅದರ ಹೊಸ ಆವೃತ್ತಿ ಇದ್ದರೆ ಹಾಕಿಕೊಳ್ಳಿ. ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಡಿಸ್ಕ್ ಅಥವಾ ಸ್ಮಾರ್ಟ್ ಅನ್ನುವ ಟಿಕ್ ಇದ್ದರೆ ತೆಗೆಯಿರಿ. ಎರಡೂ ಆಗಲಿಲ್ಲ ಅಂದರೆ ಸುಲಭದ ದಾರಿ: ಡಿಸ್ಕನ್ನು ಇಜೆಕ್ಟ್ ಮಾಡಿ, ಕೇಬಲ್ ಕಿತ್ತು, ಆಮೇಲೆ ಟೂಲ್ ಓಡಿಸಿ. ಹೊರಗಿನ ಡಿಸ್ಕ್‌ನ ಸೀರಿಯಲ್ ನಂಬರ್ ಹಿಂದಿನ ಸ್ಟಿಕ್ಕರ್ ನೋಡಿಯೇ ಬರೆಯಿರಿ. ಹೇಗೂ ಟೂಲ್ ತೋರಿಸುವುದು ಕೆಲವೊಮ್ಮೆ ಬ್ರಿಜ್‌ನ ನಂಬರ್ ಆಗಿರುತ್ತದೆ, ಆಡಿಟ್‌ನವರು ಸ್ಟಿಕ್ಕರ್ ಜೊತೆ ತಾಳೆ ನೋಡಿದರೆ ಕಷ್ಟ.

ಬೂದು ಬಣ್ಣದ್ದರ ಕಥೆ ಬೇರೆ. ಮೊದಲು ಅದನ್ನು ಕಂಪ್ಯೂಟರ್‌ನ ಹಿಂದಿನ ಪೋರ್ಟ್‌ಗೆ ಚುಚ್ಚಿ, ಗಿಡ್ಡ ಕೇಬಲ್ ಹಾಕಿ. ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪ್, ಯುಎಸ್‌ಬಿ 3 ಆದರೆ 900. ಡಿಸ್ಕ್ ತಿರುಗಲು ಶುರುಮಾಡುವಾಗ ಇನ್ನೂ ಜಾಸ್ತಿ ಎಳೆಯಬಹುದು. ಕರೆಂಟ್ ಸಾಲದಿದ್ದರೂ ಇದೇ ಟಿಕ್ ಟಿಕ್. ಕೇಬಲ್‌ನ ತುದಿಯನ್ನೂ ನೋಡಿ. ನಮ್ಮ ಕಡೆಯ ಉಪ್ಪು ಗಾಳಿಗೆ ಅಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಮಳೆಗಾಲ ಮುಗಿದ ಮೇಲೆ ನನ್ನ ಅಂಗಡಿಗೆ ಬರುವ 'ಸತ್ತ' ಡಿಸ್ಕ್‌ಗಳಲ್ಲಿ ಕೆಲವು ಬರೀ ಕೇಬಲ್ ಬದಲಿಸಿದರೆ ಎದ್ದು ಕೂರುತ್ತವೆ.

ಆಮೇಲೂ ಶಬ್ದ ನಿಲ್ಲದಿದ್ದರೆ ಡಿಸ್ಕ್‌ಗೆ ನಿಜವಾಗಿ ಹುಷಾರಿಲ್ಲ. ಆಗ ವಿಂಡೋಸ್‌ನ ಡಿಸ್ಕ್ ತಪಾಸಣೆ, ಚೆಕ್‌ಡಿಸ್ಕ್ ಗಿಕ್‌ಡಿಸ್ಕ್, ಓಡಿಸಬೇಡಿ. ಅದು ಇಡೀ ಡಿಸ್ಕ್ ಓಡಾಡಿಸಿ, ಉಳಿದ ಉಸಿರನ್ನೂ ತೆಗೆಯುತ್ತದೆ. ಬೇಕೇ ಬೇಕಾದ ಫೋಲ್ಡರ್ ಮೊದಲು, ಉಳಿದದ್ದು ಆಮೇಲೆ, ಹೀಗೆ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ.

ಸ್ಟುಡಿಯೋದವರು, ಶಿರಸಿ:
ನಡುವೆ ಬಾಯಿ ಹಾಕುತ್ತಿದ್ದೇನೆ. 2024ರ ಮಾರಿಕಾಂಬಾ ಜಾತ್ರೆಯ ಫೋಟೋ ಇರುವ ನಮ್ಮ ದೊಡ್ಡ ಡಿಸ್ಕ್‌ಗೂ ಹೀಗೇ. ಆದರೆ ಟೂಲ್ ಮುಚ್ಚುವುದಿಲ್ಲ, ಸ್ವಲ್ಪ ಹೊತ್ತು ಹಾಗೇ ನಿಂತು ಆಮೇಲೆ ಮುಂದೆ ಹೋಗುತ್ತದೆ.

ಉತ್ತರ:
ನಿಮ್ಮದು ನಿದ್ದೆ ಮಾಡಿರುತ್ತದೆ ಅಷ್ಟೇ. ಕೆಲಸ ಇಲ್ಲದಿದ್ದರೆ ಡಿಸ್ಕ್ ತಿರುಗುವುದನ್ನು ನಿಲ್ಲಿಸುತ್ತದೆ, ಎದ್ದೇಳಲು ಕೆಲವು ಸೆಕೆಂಡ್ ಬೇಕು. ಅದರಲ್ಲಿರುವ ಒಂದು ಫೋಟೋ ತೆರೆದು, ಆಮೇಲೆ ಟೂಲ್ ಓಡಿಸಿ ನೋಡಿ.

ಅಕ್ಕೋರು:
ಸರ್, ಸ್ಮಾರ್ಟ್ ಟಿಕ್ ತೆಗೆದೆ. ಕಪ್ಪು ಡಿಸ್ಕ್ ಇದ್ದರೂ ಟೂಲ್ ಈಗ ಕೊನೆವರೆಗೆ ಓಡಿತು. ಬೂದು ಬಣ್ಣದ್ದಕ್ಕೆ ಕೇಬಲ್ ಬದಲಿಸಿದೆ, ಶಬ್ದ ನಿಲ್ಲಲಿಲ್ಲ. ಗ್ಯಾದರಿಂಗ್ ಫೋಲ್ಡರ್ ಪೂರ್ತಿ ಕಾಪಿ ಆಯಿತು, ಉಳಿದದ್ದು ನಡೆದಿದೆ. ಇನ್ನೊಂದು ಪೀಕಲಾಟ: ಅದರ ಸ್ಟಿಕ್ಕರ್ ಮೇಲೆ ಯಾರೋ ಚಹಾ ಚೆಲ್ಲಿ ಸೀರಿಯಲ್ ನಂಬರಿನ ಕೊನೆಯ ಎರಡು ಅಕ್ಷರ ಅಳಿಸಿಹೋಗಿವೆ. ರಿಜಿಸ್ಟರ್‌ನಲ್ಲಿ ಏನು ಬರೆಯಲಿ?

ಉತ್ತರ:
ಡಿಸ್ಕ್ ಬಂದ ರಟ್ಟಿನ ಬಾಕ್ಸ್ ಇದೆಯಾ? ಅದರ ಮೇಲೂ ನಂಬರ್ ಇರುತ್ತದೆ.

ಅಕ್ಕೋರು:
ಸ್ಟಾಫ್ ರೂಮ್ ಅಟ್ಟದ ಮೇಲೆ ಇರಬೇಕು. ನಾಳೆ ಜವಾನರನ್ನು ಹತ್ತಿಸುತ್ತೇನೆ.